ಮಾಡ್ ತರುವ ಕಟ್ಟಳೆ

ಮೈನ್‌ಕ್ರಾಫ್ಟ್‌ನಲ್ಲೋ ಫಾಲ್‌ಔಟ್ 4ರಲ್ಲೋ ಯಾರಾದರೂ ಸೊಗಸಾದ ಬೇಸ್, ಅಂದರೆ ಗೇಮಿನೊಳಗಿನ ತಮ್ಮ ನೆಲೆ, ಕಟ್ಟಿ ತೋರಿಸಿದರೆ, ನೋಡಿದವರ ಮೊದಲ ಪ್ರಶ್ನೆ ಅದರ ಚೆಂದದ ಬಗ್ಗೆ ಇರುವುದಿಲ್ಲ. ‘ಇದು ವೆನಿಲ್ಲಾನಾ, ಮಾಡ್ ಹಾಕಿದ್ದಾ?’ ಎಂದು ಕೇಳುತ್ತಾರೆ. ಕಂಪನಿ ಬಿಟ್ಟ ಹಾಗೆಯೇ ಇರುವ ಗೇಮ್ ವೆನಿಲ್ಲಾ. ಆಟಗಾರರೇ ಬರೆದು ಸೇರಿಸಿದ ಬದಲಾವಣೆ ಮಾಡ್. ಮಾಡ್ ಹಾಕಿದ್ದು ಎಂದು ಗೊತ್ತಾದ ಕೂಡಲೇ ಮೆಚ್ಚುಗೆ ಅರ್ಧಕ್ಕಿಳಿಯುತ್ತದೆ. ಕೊಟ್ಟಷ್ಟರಲ್ಲೇ ಕಟ್ಟಿದವರು ಕಲಾವಿದರು, ಮಾಡ್ ಹಾಕಿಕೊಂಡವರು ಸಿದ್ಧ ಸರಕು ತಂದು ಜೋಡಿಸಿದವರು ಎಂಬ ತೀರ್ಪು ಆಟಗಾರರ ನಡುವೆ ಆಳವಾಗಿ ಬೇರೂರಿದೆ. ಎಷ್ಟೆಂದರೆ, ಮಾಡ್ ಬಳಸಿದವರೇ ತಪ್ಪು ಮಾಡಿದವರ ಹಾಗೆ ಮೊದಲೇ ಸಮಜಾಯಿಷಿ ಕೊಡತೊಡಗುತ್ತಾರೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಥೀಮ್ ಇಟ್ಟುಕೊಂಡು ಬೇಸ್ ಕಟ್ಟುವುದೆಂದರೆ ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಳ್ಳುವುದು. ಹಳೆಯ ಕಾಲದ ಗಿರಣಿ ಎಂದಮೇಲೆ ಅಲ್ಲಿ ಏನಿರಬಹುದು, ಏನಿರಕೂಡದು ಎಂಬುದನ್ನು ಆ ಗಿರಣಿಯೇ ತೀರ್ಮಾನಿಸಬೇಕು. ಒಳ್ಳೆಯ ಮಾಡ್ ಈ ಕಟ್ಟುಪಾಡನ್ನು ಬಿಗಿ ಮಾಡುತ್ತದೆ. ಕೆಟ್ಟ ಮಾಡ್ ಸಡಿಲಿಸುತ್ತದೆ. ಬೇಸನ್ನು ಅಳೆಯಬೇಕಾದ ಗೆರೆ ಇದು. ವೆನಿಲ್ಲಾಕ್ಕೂ ಮಾಡ್‌ಗೂ ನಡುವೆ ಎಳೆದಿರುವ ಗೆರೆ ತಪ್ಪು ಜಾಗದಲ್ಲಿದೆ.

ಮೊದಲು ಎದುರು ವಾದದ ಬಲವನ್ನು ನೋಡೋಣ. ಮೈನ್‌ಕ್ರಾಫ್ಟ್‌ನ ಒಂದು ಬ್ಲಾಕ್ ಎಂದರೆ ಒಂದು ಘನ ಮೀಟರ್. ಅಲ್ಲಿ ಕುರ್ಚಿಯಿಲ್ಲ, ಊಟದ ಮೇಜಿಲ್ಲ, ಕಿಟಕಿಗೆ ಪರದೆಯಿಲ್ಲ. ಆಟಗಾರರು ಮೆಟ್ಟಿಲ ಬ್ಲಾಕನ್ನು ಕುರ್ಚಿ ಮಾಡಿದರು. ಬೇಲಿಗಂಬದ ಮೇಲೆ ಪ್ರೆಶರ್ ಪ್ಲೇಟ್ ಇಟ್ಟು ಮೇಜು ಮಾಡಿದರು. ಬ್ಯಾನರ್ ಇಳಿಬಿಟ್ಟರೆ ಪರದೆಯಾಯಿತು, ಟ್ರ್ಯಾಪ್‌ಡೋರ್ ಕಿಟಕಿಯ ಕದವಾಯಿತು. ಇಲ್ಲದ್ದನ್ನು ಇದ್ದದ್ದರಲ್ಲಿ ಕಂಡುಕೊಳ್ಳುವ ಈ ಜಾಣ್ಮೆ ನಿಜವಾದ ಜಾಣ್ಮೆ. ಹರ್ಮಿಟ್‌ಕ್ರಾಫ್ಟ್ ಎಂಬ ಮೈನ್‌ಕ್ರಾಫ್ಟ್ ಸರ್ವರ್‌ನ ಒಂಬತ್ತನೆಯ ಸೀಸನ್‌ನಲ್ಲಿ ಟ್ಯಾಂಗೋ ಟೆಕ್ ಎಂಬ ಆಟಗಾರ ಕಟ್ಟಿದ ‘ಡೆಕ್ಡ್ ಔಟ್ 2’ ಇದರ ಶಿಖರ. ನೆಲದಡಿಯ ಒಂದು ಕೋಟೆ, ಅದರೊಳಗೆ ಗೇಮಿನ ವಿದ್ಯುತ್ತಿನಂತಿರುವ ರೆಡ್‌ಸ್ಟೋನ್ ಸರ್ಕ್ಯೂಟ್‌ಗಳ ಮೇಲೆ ನಡೆಯುವ ಕಾರ್ಡ್ ಆಟ, ಆಟಗಾರರನ್ನು ಅಟ್ಟಿಸಿಕೊಂಡು ಬರುವ ಮೃಗಗಳು. ಗೇಮಿನೊಳಗೇ ಇನ್ನೊಂದು ಗೇಮ್ ಎನ್ನಬಹುದಾದ ಕೆಲಸ ಅದು. ಮಿತಿ ಕಲ್ಪನೆಯನ್ನು ಹರಿತಗೊಳಿಸುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಿತಿ ಬೇಕು, ನಿಜ. ಆದರೆ ಅದು ಕಂಪನಿ ಹಾಕಿದ ಮಿತಿಯೇ ಆಗಿರಬೇಕೆಂದು ಯಾಕೆ? ವೆನಿಲ್ಲಾವಾದಿಗಳು ಒಂದನ್ನು ಸಾಧಿಸಿ ತೋರಿಸಿ ಇನ್ನೊಂದನ್ನೂ ಸಾಧಿಸಿದೆವೆಂದು ಭಾವಿಸುವುದು ಇಲ್ಲಿಯೇ.

ವೆನಿಲ್ಲಾ ಎಂದು ನಾವು ಕರೆಯುವುದು ಹುಟ್ಟಿದಾಗಿನಿಂದ ಹೀಗೇ ಇದ್ದ ವಸ್ತುವಲ್ಲ. ಇಂದು ರೆಡ್‌ಸ್ಟೋನ್ ಕಲೆಯ ಬೆನ್ನೆಲುಬಾಗಿರುವ, ಬ್ಲಾಕುಗಳನ್ನು ತಳ್ಳುವ ಪಿಸ್ಟನ್ ಮೊದಲು ಬಂದದ್ದು ಮಾಡ್ ಆಗಿ. ಹಿಪ್ಪೊಪ್ಲಾಟಿಮಸ್ ಎಂಬ ಹೆಸರಿನಲ್ಲಿದ್ದ ಆಟಗಾರ ಅದನ್ನು ಬರೆದಿದ್ದ. 2011ರ ಬೀಟಾ 1.7ರಲ್ಲಿ ಗೇಮಿನ ಕಂಪನಿ ಮೊಜಾಂಗ್ ಅದನ್ನು ಗೇಮಿನೊಳಗೆ ಸೇರಿಸಿಕೊಂಡಿತು. ‘ಮೋ ಕ್ರೀಚರ್ಸ್’ ಮಾಡ್ ಬರೆದ ಡಾಕ್ಟರ್ ಝಾರ್ಕ್‌ನ ಕುದುರೆಗಳು 2013ರಲ್ಲಿ ಅದೇ ಹಾದಿಯಲ್ಲಿ ಬಂದವು. ಅಲ್ಲಿಗೆ, ಪಿಸ್ಟನ್ ಬಾಗಿಲಿರುವ ಗುಪ್ತ ಕೋಣೆ 2011ರ ಆರಂಭದಲ್ಲಿ ಕಳ್ಳದಾರಿ, ಅದೇ ವರ್ಷದ ಕೊನೆಯಲ್ಲಿ ಶುದ್ಧ ಕಲೆ! ಕಟ್ಟಿದವರ ಶ್ರಮವಾಗಲಿ ಕಲ್ಪನೆಯಾಗಲಿ ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಕಂಪನಿಯ ಮುದ್ರೆ ಮಾತ್ರ. ವೆನಿಲ್ಲಾ ಆಟದ ಮಾದರಿ ಎಂದು ಎಲ್ಲರೂ ಬೊಟ್ಟುಮಾಡುವ ಹರ್ಮಿಟ್‌ಕ್ರಾಫ್ಟ್‌ನಲ್ಲೂ ಗೇಮನ್ನು ಅಲ್ಲಲ್ಲಿ ತಿದ್ದುವ ‘ವೆನಿಲ್ಲಾ ಟ್ವೀಕ್ಸ್’ ಡೇಟಾಪ್ಯಾಕ್‌ಗಳು ಬಳಕೆಯಲ್ಲಿವೆ. ಆರ್ಮರ್ ಸ್ಟ್ಯಾಂಡ್‌ಗಳನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಬೇಸಿಗೆ ಜೀವ ತುಂಬುವುದು ಅವುಗಳಿಂದಲೇ. ಅದಕ್ಕಾಗಿ ಯಾರೂ ಆ ಕಟ್ಟಡಗಳನ್ನು ಕೀಳಾಗಿ ಕಾಣುವುದಿಲ್ಲ, ಕಾಣಲೂಬಾರದು.

ಇನ್ನೊಂದು ಮಾತು, ಇದು ನಮ್ಮಂಥವರಿಗೆ ಹೆಚ್ಚು ತಟ್ಟುವಂಥದು. ವೆನಿಲ್ಲಾ ಎಲ್ಲರಿಗೂ ಸಮನಾದ ಬಯಲೇನೂ ಅಲ್ಲ. ಯಾವ ಮರ, ಯಾವ ಇಟ್ಟಿಗೆ, ಯಾವ ಬಗೆಯ ಮನೆ ಅದರಲ್ಲಿರಬೇಕು ಎಂಬುದನ್ನು ಕೆಲವರು ಕೂತು ಆರಿಸಿದ್ದಾರೆ. ಮೈನ್‌ಕ್ರಾಫ್ಟ್‌ನ ಹಳ್ಳಿಗಳು ಐದು ಬಗೆ: ಬಯಲು, ಮರುಭೂಮಿ, ಸವಾನಾ, ಟೈಗಾ, ಹಿಮ. ಮಣ್ಣಿನ ಇಟ್ಟಿಗೆ ಬಂದದ್ದು 2022ರಲ್ಲಿ, ಬಿದಿರ ಹಲಗೆ 2023ರಲ್ಲಿ. ಮಧ್ಯಯುಗದ ಯುರೋಪಿನ ಕೋಟೆ ಕಟ್ಟುವವರಿಗೆ ಮೊದಲ ದಿನದಿಂದಲೇ ಸಾಮಗ್ರಿ ಕೈಯಲ್ಲಿತ್ತು. ಮಂಗಳೂರು ಹೆಂಚಿನ ಇಳಿಜಾರು ಮಾಡು, ಕಡೆದ ಮರದ ಕಂಬ, ನಡುವೆ ಅಂಗಳ ಇರುವ ತೊಟ್ಟಿಮನೆ ಕಟ್ಟಹೊರಟವರು ಇಟ್ಟಿಗೆಯ ಮೆಟ್ಟಿಲುಗಳನ್ನೇ ಪೇರಿಸಿ ಅದನ್ನು ಮಾಡು ಎಂದುಕೊಳ್ಳಬೇಕು. ದೂರದಿಂದ ಕೆಂಪಾಗಿ ಕಾಣುತ್ತದೆ; ಹತ್ತಿರ ಹೋದರೆ ಹೆಂಚಿನ ಸಾಲೂ ಇಲ್ಲ, ಅದರ ಬಾಗೂ ಇಲ್ಲ. ‘ಚಿಸೆಲ್ಸ್ ಅಂಡ್ ಬಿಟ್ಸ್’ ಎಂಬ ಮಾಡ್ ಒಂದು ಬ್ಲಾಕನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹದಿನಾರಾಗಿ ಸೀಳಿ 4096 ತುಣುಕು ಮಾಡುತ್ತದೆ. ಅದನ್ನು ಹಾಕಿಕೊಂಡವರು ಹೆಂಚನ್ನು ಒಂದೊಂದಾಗಿ ಕೆತ್ತಬಹುದು. ಇದರಲ್ಲಿ ಸೋಮಾರಿತನ ಎಲ್ಲಿದೆ? ಒಂದು ನಿರ್ಧಾರ ಸಾಕಾಗಿದ್ದ ಕಡೆ ಈಗ ಸಾವಿರಾರು ನಿರ್ಧಾರಗಳು ಬೇಕು. ಹೆಂಚು ಹೇಗೆ ಒಂದರ ಮೇಲೊಂದು ಕೂರುತ್ತದೆ ಎಂದು ತಿಳಿಯದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಮೆಟ್ಟಿಲ ಬ್ಲಾಕು ಆ ಅಜ್ಞಾನವನ್ನು ಮುಚ್ಚಿಡುತ್ತಿತ್ತು.

ನನ್ನ ವಾದದ ತಿರುಳು ಇರುವುದು ಇನ್ನೂ ಮುಂದೆ, ‘ಕ್ರಿಯೇಟ್’ ಎಂಬ ಮಾಡ್‌ನಲ್ಲಿ. ವೆನಿಲ್ಲಾ ಮೈನ್‌ಕ್ರಾಫ್ಟ್‌ನಲ್ಲಿ ಗಾಳಿಗಿರಣಿ ಕಟ್ಟಿದವರು ಸಾವಿರಾರು ಜನ. ಕಲ್ಲಿನ ಗೋಪುರ, ಉಣ್ಣೆಯ ನಾಲ್ಕು ರೆಕ್ಕೆ. ನೋಡಲು ಚೆನ್ನ. ಆದರೆ ಆ ರೆಕ್ಕೆ ತಿರುಗುವುದಿಲ್ಲ, ಗಿರಣಿ ಏನನ್ನೂ ಬೀಸುವುದಿಲ್ಲ. ಬೀಸಬೇಕಾದ ಅಗತ್ಯವೂ ಇಲ್ಲ. ಮೂರು ಗೋಧಿ ಸಾಲಾಗಿಟ್ಟರೆ ಹಿಟ್ಟು, ಕಣಕ, ಒಲೆ ಯಾವುದೂ ಇಲ್ಲದೆ ನೇರವಾಗಿ ಬ್ರೆಡ್. ಗಿರಣಿಗೆ ಕೆಲಸವೇ ಇಲ್ಲದ ಲೋಕದಲ್ಲಿ ಗಿರಣಿಯ ಥೀಮ್ ಬರೀ ವೇಷ. ಒಳಗೆ ಹೋದರೆ ಎಲ್ಲ ಬೇಸ್‌ಗಳಲ್ಲೂ ಇರುವ ಅವೇ ಪೆಟ್ಟಿಗೆಗಳು, ಅದೇ ಕುಲುಮೆ. ಹೊರಗೋಡೆ ಬದಲಿಸಿದರೆ ಇದೇ ಕೋಣೆ ಕೋಟೆಯೂ ಆದೀತು, ಮಠವೂ ಆದೀತು.

ಕ್ರಿಯೇಟ್ ಹಾಕಿದಮೇಲೆ ಗೋಧಿಯನ್ನು ಬೀಸುಕಲ್ಲಿಗೆ ಹಾಕಿ ಹಿಟ್ಟು ಮಾಡಬಹುದು, ಹಿಟ್ಟಿಗೆ ನೀರು ಸೇರಿಸಿ ಕಣಕ, ಕಣಕ ಬೇಯಿಸಿ ಬ್ರೆಡ್. ಬೀಸುಕಲ್ಲು ತಿರುಗಲು ಶಕ್ತಿ ಬೇಕು. ಶಕ್ತಿ ಗಾಳಿಯಿಂದ ಬರಬೇಕಾದರೆ ನಿಜವಾಗಿ ತಿರುಗುವ ರೆಕ್ಕೆ ಬೇಕು. ರೆಕ್ಕೆಯಲ್ಲಿ ಹಾಯಿ ಹೆಚ್ಚಿದಷ್ಟೂ ವೇಗ ಹೆಚ್ಚು. ನೀರಿನಿಂದ ಬರಬೇಕಾದರೆ ಹರಿಯುವ ನೀರು ಚಕ್ರಕ್ಕೆ ತಾಗಬೇಕು. ಅಲ್ಲಿಂದ ಬೀಸುಕಲ್ಲಿನವರೆಗೆ ಶಾಫ್ಟು, ಹಲ್ಲಿನ ಚಕ್ರ, ಬೆಲ್ಟು ಹಾಯಬೇಕು. ಹುಟ್ಟುವ ಶಕ್ತಿಗಿಂತ ಯಂತ್ರಗಳ ಭಾರ ಹೆಚ್ಚಾದರೆ ಇಡೀ ಜಾಲವೇ ನಿಂತುಬಿಡುತ್ತದೆ. ಈಗ ಕಟ್ಟಡಕ್ಕೆ ಏನಾಯಿತು ನೋಡಿ. ಗೋಪುರ ಎಷ್ಟು ಎತ್ತರ ಇರಬೇಕೆಂದು ರೆಕ್ಕೆಯ ಉದ್ದ ಹೇಳುತ್ತದೆ. ಬೀಸುವ ಕೋಣೆ ಎಲ್ಲಿರಬೇಕೆಂದು ಶಾಫ್ಟಿನ ದಾರಿ ಹೇಳುತ್ತದೆ. ಲೋಕದ ಹಳೆಯ ಗಿರಣಿಗಳಿಗೆ ಅವುಗಳ ರೂಪ ಬಂದದ್ದೂ ಹೀಗೆಯೇ. ಅವುಗಳ ಚೆಲುವು ಕೆಲಸದಿಂದ ಹುಟ್ಟಿದ್ದು. ಹೊರಗಿನ ರೂಪವೂ ಒಳಗಿನ ಕೆಲಸವೂ ಒಂದಾಗುವ ಈ ಸುಖ ವೆನಿಲ್ಲಾ ಗಿರಣಿಯಲ್ಲಿ ಸಿಗಲಾರದು. ಅದಕ್ಕೆ ಬೇಕಾದ ನಿಯಮಗಳೇ ಆ ಲೋಕದಲ್ಲಿಲ್ಲ.

ಫಾಲ್‌ಔಟ್ 4 ಬೇರೆ ದಿಕ್ಕಿನಿಂದ ಇದನ್ನೇ ತೋರಿಸುತ್ತದೆ. 2015ರಲ್ಲಿ ಬೆಥೆಸ್ಡಾ ತಂದ ಈ ಗೇಮಿನ ಕಥೆಯಲ್ಲಿ ಅಣುಯುದ್ಧ ನಡೆದದ್ದು 2077ರಲ್ಲಿ. ಆಟ ಶುರುವಾಗುವುದು 2287ರಲ್ಲಿ. 210 ವರ್ಷ ಕಳೆದರೂ ಸ್ಯಾಂಕ್ಚುಯರಿ ಹಿಲ್ಸ್ ಎಂಬ ಬಡಾವಣೆಯ ಮನೆಗಳ ತೂತು ಮುಚ್ಚಲು ಬರುವುದಿಲ್ಲ, ಬಿದ್ದ ಕಸದಲ್ಲಿ ಎಷ್ಟೋ ಭಾಗ ತೆಗೆಯಲು ಬರುವುದಿಲ್ಲ. ಮತ್ತೆ ಬದುಕು ಕಟ್ಟುವ ಜನರ ಊರು ಎಂಬ ಥೀಮ್ ಹಿಡಿದವರಿಗೆ ಗೇಮೇ ಅಡ್ಡ ನಿಲ್ಲುತ್ತದೆ. ‘ಸ್ಕ್ರ್ಯಾಪ್ ಎವೆರಿಥಿಂಗ್’ ಮಾಡ್ ಆ ಕಸ ಗುಡಿಸಲು ಬಿಡುತ್ತದೆ. ‘ಪ್ಲೇಸ್ ಎನಿವೇರ್’ ಹಾಕಿದರೆ ಗೇಮ್ ಬೇಡವೆನ್ನುವ ಜಾಗದಲ್ಲೂ ಗೋಡೆ ಕೂರಿಸಬಹುದು. ಇವೆರಡೂ ಕೈ ಬಿಚ್ಚುವ ಮಾಡ್‌ಗಳು. ಇವಕ್ಕೆ ಬೆಲೆಯೂ ಇದೆ: ವೇಗಕ್ಕಾಗಿ ಗೇಮ್ ಮೊದಲೇ ಒಟ್ಟುಗೂಡಿಸಿಟ್ಟಿರುವ ದೃಶ್ಯದ ತುಂಡುಗಳು ಒಡೆದರೆ ಚಿತ್ರ ತಡವರಿಸತೊಡಗುತ್ತದೆ.

ನನಗೆ ಇವಕ್ಕಿಂತ ಮುಖ್ಯವೆನಿಸುವುದು ಕಿಂಗ್‌ಗ್ಯಾತ್ ಎಂಬ ಹೆಸರಿನವರು 2017ರಲ್ಲಿ ತಂದ ‘ಸಿಮ್ ಸೆಟಲ್‌ಮೆಂಟ್ಸ್’. ಅದು ಆಟಗಾರರ ಕೈಯಿಂದ ಅಧಿಕಾರವನ್ನು ಕಿತ್ತುಕೊಳ್ಳುತ್ತದೆ. ಇದು ವಾಸದ ನಿವೇಶನ, ಇದು ಹೊಲ, ಇದು ಅಂಗಡಿ ಎಂದು ನೀವು ಗುರುತು ಹಾಕಿಕೊಡಬಹುದು, ಅಷ್ಟೇ. ಮನೆ ಕಟ್ಟುವವರು ಅಲ್ಲಿಗೆ ಬಂದ ಜನ. ಅವರ ಗುಡಿಸಲು ದಿನ ಕಳೆದಂತೆ ಬೆಳೆಯುತ್ತದೆ. ಒಬ್ಬರೇ ಕೂತು ಪ್ರತಿ ಹಲಗೆಯನ್ನೂ ಜೋಡಿಸಿದ ಊರಿನಲ್ಲಿ ಎಲ್ಲ ಮನೆಗಳೂ ಒಂದೇ ಕೈಯ ಕೆಲಸವೆಂದು ಗೊತ್ತಾಗಿಬಿಡುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಊರಿನ ಥೀಮ್ ಹಿಡಿದವರಿಗೆ ಇದಕ್ಕಿಂತ ಸತ್ಯವಾದ ಕಟ್ಟಳೆ ಯಾವುದು? ಮಾಡ್ ಎಂದರೆ ಮೋಸ ಎನ್ನುವವರ ಬಳಿ, ಆಟಗಾರರ ಶಕ್ತಿಯನ್ನು ಕಡಿಮೆ ಮಾಡುವ ಈ ಮಾಡ್‌ಗೆ ಉತ್ತರವಿಲ್ಲ.

ಹಾಗೆಂದು ಎದುರು ಪಕ್ಷದ ನಂಬಿಕೆಗೂ ನಾನು ಜೈ ಎನ್ನಲಾರೆ. ಮಾಡ್ ಹೆಚ್ಚಿದಷ್ಟೂ ಬೇಸ್ ಚೆಂದ ಎಂದುಕೊಂಡು ನೂರಾರು ಮಾಡ್ ಪೇರಿಸುವವರಿದ್ದಾರೆ. 2021ರಲ್ಲಿ ಬಂದ ವಾಲ್‌ಹೈಮ್ ಇವರಿಗೆ ಒಳ್ಳೆಯ ಪಾಠ. ಆ ಗೇಮಿನಲ್ಲಿ ಮರದ ತೊಲೆ ನೆಲದ ಆಸರೆಯಿಂದ ದೂರವಾದಷ್ಟೂ ದುರ್ಬಲವಾಗಿ, ಕೊನೆಗೆ ಮುರಿದು ಬೀಳುತ್ತದೆ. ಮನೆಯೊಳಗೆ ಬೆಂಕಿ ಹಾಕಿದರೆ ಹೊಗೆ ತುಂಬಿ ಉಸಿರು ಕಟ್ಟುತ್ತದೆ. ಹಾಗಾಗಿ ಅಲ್ಲಿನ ವೈಕಿಂಗ್ ಸಭಾಮನೆಗಳಿಗೆ ಸಾಲುಗಂಬ ಬಂತು, ಮಾಡಿನ ನೆತ್ತಿಯಲ್ಲಿ ಹೊಗೆಗಂಡಿ ಬಂತು. ಯಾರೂ ಇತಿಹಾಸದ ಪುಸ್ತಕ ಓದಿ ಅವನ್ನಿಡಲಿಲ್ಲ. ಹೊಗೆ ಮತ್ತು ಭಾರ ಇಡಿಸಿದವು. ಆಸರೆಯ ನಿಯಮವನ್ನೇ ತೆಗೆದುಹಾಕುವ ಮಾಡ್ ಬಳಸಿದರೆ ಗಾಳಿಯಲ್ಲಿ ತೇಲುವ ಚಾವಣಿ ಕಟ್ಟಬಹುದು, ಕಂಬಗಳಿಗೆ ಇದ್ದ ಕಾರಣ ಹೋಗುತ್ತದೆ. ಉಳಿದ ಕಂಬಗಳು ಅಲಂಕಾರದ ಕಂಬಗಳು. ಇಲ್ಲಿ ಮಾತ್ರ ವೆನಿಲ್ಲಾವೇ ಥೀಮ್‌ಗೆ ಹೆಚ್ಚು ನಿಷ್ಠ. ತೇಲುವ ದ್ವೀಪದ ಮಾಯಾನಗರಿಯೇ ನಿಮ್ಮ ಥೀಮ್ ಆಗಿದ್ದರೆ ಮಾತು ಬೇರೆ. ಆಗ ಅದೇ ಮಾಡ್ ಸರಿಯಾದ ಆಯ್ಕೆ. ಒಂದು ಮಾಡ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಥೀಮ್ ಬಿಟ್ಟು ಹೇಳಲಾಗದು.

ಮೋಸದ ಪ್ರಶ್ನೆ ಪೂರಾ ಸುಳ್ಳು ಎಂದೂ ನಾನು ಹೇಳುತ್ತಿಲ್ಲ. ಎಲ್ಲರೂ ವೆನಿಲ್ಲಾದಲ್ಲೇ ಕಟ್ಟೋಣ ಎಂದು ಒಪ್ಪಿದ ಸರ್ವರ್‌ನಲ್ಲಿ ಕದ್ದು ಮಾಡ್ ಬಳಸುವುದು ಮೋಸವೇ. ಬೇರೆಯವರ ನಕ್ಷೆಯನ್ನು ವರ್ಲ್ಡ್‌ಎಡಿಟ್ ಎಂಬ ಮಾಡ್‌ನಲ್ಲಿ ಹಾಗೇ ಅಂಟಿಸಿ ತನ್ನದೆನ್ನುವುದು ಕಳ್ಳತನವೇ. ಆದರೆ ಈ ಎರಡರಲ್ಲೂ ತಪ್ಪು ಇರುವುದು ಕೊಟ್ಟ ಮಾತು ಮುರಿದದ್ದರಲ್ಲಿ, ಸುಳ್ಳು ಹೇಳಿದ್ದರಲ್ಲಿ. ಯಾರದೋ ವೆನಿಲ್ಲಾ ಬೇಸನ್ನು ಬ್ಲಾಕಿಗೆ ಬ್ಲಾಕು ನಕಲು ಮಾಡಿದರೂ ಅದು ಅಷ್ಟೇ ಕಳ್ಳತನ.

ಮಾಡ್ ಬಳಸುವವರ ಮೇಲೆ ನಿಜವಾಗಿ ಇರುವ ಹೊಣೆ ಬೇರೆಯದು, ಅದರ ಬಗ್ಗೆ ಮಾತು ಕಡಿಮೆ. ಈ ಮಾಡ್‌ಗಳ ಬಹುಪಾಲು ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ ಬರೆದ ಕೆಲಸ. 2015ರ ಏಪ್ರಿಲ್‌ನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಕಂಪನಿಗಳು ಸ್ಕೈರಿಮ್ ಗೇಮಿನ ಮಾಡ್‌ಗಳನ್ನು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹಣಕ್ಕೆ ಮಾರುವ ವ್ಯವಸ್ಥೆ ತಂದು, ಆಟಗಾರರ ಸಿಟ್ಟಿಗೆ ಮಣಿದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದವು. ಉಚಿತವಾಗಿಯೇ ಸಿಗಬೇಕೆಂದು ಕೂಗಿದ ನಾವು ಬರೆದವರ ಹೆಸರನ್ನಾದರೂ ಹೇಳಬೇಡವೇ? ಗೇಮಿಗೆ ಹೊಸ ಅಪ್‌ಡೇಟ್ ಬಂದಾಗಲೆಲ್ಲ ಅವರು ಮತ್ತೆ ಕೂತು ದುಡಿಯಬೇಕು. 2024ರ ಏಪ್ರಿಲ್‌ನಲ್ಲಿ ಫಾಲ್‌ಔಟ್ 4ಕ್ಕೆ ಬಂದ ಅಪ್‌ಡೇಟ್, ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ಸಹಾಯಕ ಪ್ರೋಗ್ರಾಂ ನಂಬಿದ್ದ ಮಾಡ್‌ಗಳನ್ನೆಲ್ಲ ಒಮ್ಮೆಗೇ ನಿಲ್ಲಿಸಿತು. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಮಾಡ್ ತೆಗೆದರೆ ಅದರ ಬ್ಲಾಕುಗಳಿದ್ದ ಜಾಗ ಖಾಲಿಯಾಗುತ್ತದೆ. ನಿಮ್ಮ ಬೇಸು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದೆ.

ಆದ್ದರಿಂದ ಬೇಸ್ ಕಟ್ಟುವ ಸ್ಪರ್ಧೆ ನಡೆಸುವವರೂ ಸರ್ವರ್ ನೋಡಿಕೊಳ್ಳುವವರೂ ಮಾಡ್ ನಿಷೇಧಿಸುವ ಬದಲು ಮಾಡ್‌ಗಳ ಪಟ್ಟಿಯನ್ನೂ ಬರೆದವರ ಹೆಸರನ್ನೂ ಕೇಳಲಿ. ಪ್ರತಿ ಮಾಡ್‌ನ ಮುಂದೆ, ಅದು ಈ ಥೀಮ್‌ಗೆ ಯಾವ ನಿಯಮ ತಂದಿತು, ಆ ನಿಯಮ ಕಟ್ಟಡದ ಯಾವ ಭಾಗವನ್ನು ರೂಪಿಸಿತು ಎಂದು ಒಂದು ಸಾಲು ಬರೆಸಲಿ. ಉತ್ತರ ಹೊಳೆಯದ ಮಾಡ್ ಆ ಬೇಸಿಗೆ ಬೇಕಿರಲಿಲ್ಲ ಎಂದೇ ಅರ್ಥ. ಉತ್ತರ ಇರುವ ಕಡೆ ಕಟ್ಟಿದವರನ್ನೂ ಮಾಡ್ ಬರೆದವರನ್ನೂ ಒಟ್ಟಿಗೆ ಮೆಚ್ಚೋಣ. ಆ ಬೇಸು ಅವರಿಬ್ಬರ ಕೃತಿ.