ಬೀಗದ ಫೋಟೊ ಏನನ್ನು ರುಜುವಾತು ಮಾಡುತ್ತದೆ?

ಸಾಲ ಬಾಕಿ ಉಳಿಸಿಕೊಂಡು ಕೈಗೆ ಸಿಗದವರನ್ನು ಹುಡುಕುವ ‘ಸ್ಕಿಪ್ ಟ್ರೇಸಿಂಗ್’ ಬಗ್ಗೆ ಈಚೆಗೆ ಹೊಗಳಿಕೆ ಅತಿಯಾಗಿದೆ. ಕ್ರೆಡಿಟ್ ಬ್ಯೂರೊದ ಹೊಸ ವಿಳಾಸ, ಬದಲಾದ ಮೊಬೈಲ್ ನಂಬರು, ವಾಹನ ನೋಂದಣಿ ಎಲ್ಲವನ್ನೂ ಜೋಡಿಸಿದರೆ ಆಳು ಸಿಕ್ಕೇ ಸಿಗುತ್ತಾನಂತೆ. ಇವು ಉಪಯೋಗಕ್ಕೆ ಬರುವುದಿಲ್ಲ ಎಂದಲ್ಲ. ಆದರೆ ಇವು ಕೊಡುವುದು ಒಂದು ವಿಳಾಸ ಅಷ್ಟೆ. ಆ ವಿಳಾಸದಲ್ಲಿ ಈಗ ಯಾರಿದ್ದಾರೆ ಎಂದು ಹೇಳಬೇಕಾದವನು ಫೀಲ್ಡಿಗೆ ಹೋದವನು. ಕೆಲಸ ಕೆಟ್ಟಿರುವುದೂ ಅಲ್ಲಿಯೇ.

ವಸೂಲಿ ಏಜೆಂಟ್ ಆ್ಯಪ್‌ನಲ್ಲಿ ಹಾಕುವ ಫೀಲ್ಡ್ ವರದಿಯನ್ನೇ ನೋಡಿ. ಬೀಗ ಹಾಕಿದ ಬಾಗಿಲಿನ ಫೋಟೊ, ಅದರ ಮೇಲೆ ಅಕ್ಷಾಂಶ, ರೇಖಾಂಶ, ಸಮಯ. ಕೆಳಗೊಂದು ಸಾಲು: ‘ಡೋರ್ ಲಾಕ್, ಪಾರ್ಟಿ ಶಿಫ್ಟೆಡ್, ನೈಬರ್ ಕನ್ಫರ್ಮ್ಡ್’. ಏಜೆಂಟ್ ಆ ಬಾಗಿಲವರೆಗೆ ಹೋಗಿದ್ದ ಎಂಬುದಕ್ಕೆ ಫೋಟೊ ರುಜುವಾತು. ಸಾಲಗಾರ ಊರು ಬಿಟ್ಟ ಎಂಬುದಕ್ಕೆ ಅಲ್ಲ. ಖಚಿತಪಡಿಸಿದ ನೆರೆಯವರು ಯಾರು? ಹತ್ತು ವರ್ಷದಿಂದ ಎದುರುಮನೆಯಲ್ಲಿರುವವರೋ, ಹೋದ ವಾರ ಬಾಡಿಗೆಗೆ ಬಂದವರೋ? ‘ಕೆಲಸಕ್ಕೆ ಹೋಗ್ಯಾರ’ ಅಂದರೋ, ‘ಮನಿ ಖಾಲಿ ಮಾಡ್ಯಾರ’ ಅಂದರೋ? ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಮನೆಗೂ ಇಂಥದೇ ಬೀಗ ಬಿದ್ದಿರುತ್ತದೆ. ಬಿತ್ತನೆಗೆ ವಾಪಸಾಗುವ ಆ ಸಂಸಾರವೂ ಕಡತದಲ್ಲಿ ನಾಪತ್ತೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇದಕ್ಕಿಂತ ಎಚ್ಚರದಿಂದಿತ್ತು. ಪ್ರತಿವಾದಿ ಸಿಗದೆ ಕೋರ್ಟಿನ ಅಮೀನ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಬಂದರೆ, ಯಾವ ಸಂದರ್ಭದಲ್ಲಿ ಅಂಟಿಸಿದೆ, ಮನೆ ತೋರಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದೆ, ಅವರ ಹೆಸರು ವಿಳಾಸವೇನು ಎಂದು ಷರಾ ಬರೆಯಬೇಕು ಎನ್ನುತ್ತದೆ 5ನೇ ಆದೇಶದ 17ನೇ ನಿಯಮ. ಅಮೀನನಿಗೆ ಇದ್ದ ಈ ಹೊಣೆಯನ್ನು ಆ್ಯಪ್ ಏಜೆಂಟನ ಮೇಲಿಂದ ಇಳಿಸಿಬಿಟ್ಟಿದೆ.

ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸುತ್ತೋಲೆ ಬಂದಮೇಲೆ ಎಲ್ಲ ಸರಿಹೋಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದೆಂಬ ಗಡುವನ್ನೇ ಅವರು ಹಿಡಿದುಕೊಂಡಿದ್ದಾರೆ. ಸಾಲಗಾರನನ್ನು ನಾಲ್ಕು ಜನರೆದುರು ಅವಮಾನಿಸಬಾರದು ಎಂದೂ ಅದೇ ಸುತ್ತೋಲೆ ಹೇಳಿದೆ. ‘ಇವರು ಲೋನ್ ಕಟ್ಟಿಲ್ಲ, ಎಲ್ಲಿಗೆ ಹೋದ್ರು?’ ಎಂದು ಹಾಡಹಗಲು 11 ಗಂಟೆಗೆ ಪಕ್ಕದ ಮನೆಯಲ್ಲಿ ಕೇಳಿದರೆ ಮಾನ ಹರಾಜಾದಂತೆಯೇ. ‘ಒಂದು ಕಾಗದ ಕೊಡೋದಿತ್ತು, ಯಾವಾಗ ಸಿಗ್ತಾರೆ?’ ಎಂದರೂ ಕೆಲಸ ಆಗುತ್ತದೆ.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಕಾನೂನು ತಂದಮೇಲೆ, ಮನೆಭೇಟಿಯನ್ನೇ ನಿಲ್ಲಿಸಿ ಎಂಬ ವಾದವೂ ಎದ್ದಿದೆ. ಹಾಗೆ ವಾದಿಸುವವರ ಸಿಟ್ಟು ನ್ಯಾಯವಾದದ್ದು, ಪರಿಹಾರ ತಪ್ಪು. ಯಾರೂ ಹೋಗಿ ನೋಡದಿದ್ದರೆ ಗುಳೆ ಹೋದವನಿಗೂ ಟೋಪಿ ಹಾಕಿ ಓಡಿದವನಿಗೂ ವ್ಯತ್ಯಾಸ ತಿಳಿಸುವವರೇ ಇರುವುದಿಲ್ಲ.

ನೆರೆಯವರು ಆಡಿದ ಮಾತು ಆಡಿದಂತೆಯೇ ವರದಿಯಲ್ಲಿ ಬರಬೇಕು, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ಬಂದಿರಬೇಕು. ಅದಿಲ್ಲದೆ ಯಾರನ್ನೂ ನಾಪತ್ತೆ ಎಂದು ಬರೆಯುವ ಹಕ್ಕು ಸಾಲ ಕೊಟ್ಟವರಿಗಿಲ್ಲ.