ಪಿಸ್ತೂಲಿನ ಹಲ್ಲು ನೋಡುವುದು

ತೆರಕಣಾಂಬಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಸುಳಿ, ಗೊರಸು, ನಡಿಗೆ. ಕೊಂಬಿಗೆ ಬಳಿದ ಬಣ್ಣಕ್ಕೆ ಯಾರೂ ಕಾಸು ಕೊಡುವುದಿಲ್ಲ. ಹಳೆಯ ಟಾರ್ಗೆಟ್ ಪಿಸ್ತೂಲಿಗೆ ಬೆಲೆ ಕಟ್ಟುವುದನ್ನು ಗುಂಡ್ಲುಪೇಟೆ, ಚಾಮರಾಜನಗರದ ಹೊಸಬರಿಗೆ ಹೇಳಿಕೊಡಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.

ನಮ್ಮ ಕಡೆ ಕೋವಿ ಎಂದರೆ ಕಾಡಂಚಿನ ಹೊಲದ ಕಾವಲು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುವ ವಸ್ತು. ಟಾರ್ಗೆಟ್ ಪಿಸ್ತೂಲಿನ ಕೆಲಸವೇ ಬೇರೆ. ಏರ್ ಪಿಸ್ತೂಲಾದರೆ 10 ಮೀಟರ್ ಆಚೆ, 11.5 ಮಿಲಿಮೀಟರ್ ಅಗಲದ ಹತ್ತು ಅಂಕದ ವೃತ್ತಕ್ಕೆ ಪೆಲೆಟ್ ಮುಟ್ಟಿಸುವುದು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು ಈ ಏರ್ ಪಿಸ್ತೂಲಿನಲ್ಲೇ.

ಕೈಗೆತ್ತಿಕೊಂಡ ಕೂಡಲೇ ಬಾಯಿ ನೆಲದತ್ತ ಇರಲಿ; ಒಳಗೆ ಖಾಲಿಯೇ ಎಂದು ನೀವೇ ನೋಡಿ. ಬಳಿಕ ಕಾಗದಪತ್ರ ಕೇಳಿ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮತ್ತು ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸು ಬೇಡ. ಗುಂಡು ಹಾರಿಸುವ .22 ಪಿಸ್ತೂಲಿಗೆ ಬೇಕೇ ಬೇಕು. ಅದನ್ನು ಇನ್ನೊಬ್ಬ ಲೈಸೆನ್ಸುದಾರರಿಗೆ ಮಾರುವವರು ಅವರ ಹೆಸರು, ವಿಳಾಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತದೆ. ಕೊಳ್ಳಬಲ್ಲವರೇ ಇಷ್ಟು ಕಡಿಮೆ ಇರುವಾಗ ಜರ್ಮನಿಯ ಹರಾಜಿನ ದರವನ್ನು ರೂಪಾಯಿಗೆ ತಿರುಗಿಸಿ ಹೇಳುವುದು ತಪ್ಪು. ಕಾಗದವಿಲ್ಲದ .22ಕ್ಕಂತೂ ಬೆಲೆಯೇ ಇಲ್ಲ.

ಈಗ ಹಲ್ಲು. ಓಬರ್ನ್‌ಡಾರ್ಫ್ ಊರಿನ ಫೈನ್‌ವೆರ್ಕ್‌ಬಾವ್ ಕಂಪನಿ 1965ರಲ್ಲಿ ತಂದ ಮಾದರಿ 65 ನನಗೆ ಬಲು ಪ್ರೀತಿಯದು. ಸ್ಪ್ರಿಂಗ್ ಪಿಸ್ತೂಲಾದರೂ ಸಿಡಿದಾಗ ಮೇಲ್ಭಾಗವೇ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆತವನ್ನು ನುಂಗಿಬಿಡುತ್ತದೆ. ಹಿಡಿದ ಕೈಗೆ ಏನೂ ತಿಳಿಯದು. ಇಂಥದ್ದು ಸಿಕ್ಕರೆ ಪಕ್ಕದ ಸನ್ನೆಯನ್ನು ನಿಧಾನವಾಗಿ ಎಳೆದು ನೋಡಿ. ಕರಕರ ಎಂದರೆ ಒಳಗೆ ಸವೆದಿದೆ. ವರ್ಷಾನುಗಟ್ಟಲೆ ಪೆಟ್ಟಿಗೆಯಲ್ಲೇ ಮಲಗಿದ ಪಿಸ್ತೂಲಿನ ಸೀಲುಗಳು ಪುಡಿಯಾಗಿರಬಹುದು, ಹೊರಗೆ ಹೊಸದರಂತೆ ಹೊಳೆಯುತ್ತಿದ್ದರೂ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ಸಿಡಿಸಿ ಪರೀಕ್ಷಿಸಲೇಬೇಡಿ, ಅದು ಪಿಸ್ತೂಲನ್ನು ಕೆಡಿಸುತ್ತದೆ.

ಕೈಬೆವರು ತಗಲಿ ಕಪ್ಪುನೀಲಿ ಬಣ್ಣ ಮಾಸಿದ್ದರೆ ಹೆದರಬೇಕಿಲ್ಲ. ದುಡಿದ ಗುರುತು ಅದು. ಆದರೆ ತುಕ್ಕು ಉಕ್ಕನ್ನು ಕೊರೆದಿದ್ದರೆ ಬೆಲೆ ಇಳಿಸಿ. ಪಾಲಿಶ್ ಹೊಡೆಸಿ ಹೊಸದು ಮಾಡಿದ್ದಕ್ಕೆ ಸಂಗ್ರಾಹಕರು ಇನ್ನೂ ಕಡಿಮೆ ಕೊಡುತ್ತಾರೆ. ಮರದ ಹಿಡಿಯನ್ನು ಹಿಂದಿನ ಯಜಮಾನರು ತಮ್ಮ ಅಂಗೈಗೆ ಹೊಂದುವಂತೆ ಕೆತ್ತಿ, ಪುಟ್ಟಿ ತುಂಬಿರಬಹುದು. ಅದು ಅವರಿಗೆ ಸರಿ, ನಿಮಗಲ್ಲ. ಮೂಲ ಹಿಡಿ, ಪೆಟ್ಟಿಗೆ, ಕಾರ್ಖಾನೆಯಲ್ಲಿ ಹೊಡೆದು ನೋಡಿದ ಟೆಸ್ಟ್ ಕಾರ್ಡು ಇವೆಯೇ? ಕಾರ್ಡಿನ ನಂಬರೂ ಪಿಸ್ತೂಲಿನ ನಂಬರೂ ಒಂದೇ ಆಗಿದ್ದರೆ ಸ್ವಲ್ಪ ಹೆಚ್ಚೇ ಕೊಡಿ.

ಟ್ರಿಗರಿಗೆ 500 ಗ್ರಾಂ ತೂಕದ ಕಲ್ಲು ತೂಗುಹಾಕಿ. ಅದನ್ನು ಎತ್ತಿ ಹಿಡಿಯದ ಏರ್ ಪಿಸ್ತೂಲು ಸ್ಪರ್ಧೆಗೆ ನಡೆಯದು.

ಕೆಲವೊಮ್ಮೆ ಕಬ್ಬಿಣಕ್ಕಿಂತ ಕಥೆಗೇ ಬೆಲೆ. ಷಾನ್ ಕಾನರಿ ಜೇಮ್ಸ್ ಬಾಂಡ್ ಪೋಸ್ಟರಿಗಾಗಿ ಹಿಡಿದು ನಿಂತದ್ದು ವಾಲ್ಟರ್ ಎಲ್‌ಪಿ53 ಎಂಬ ಏರ್ ಪಿಸ್ತೂಲು. 2010ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 2,77,250 ಪೌಂಡಿಗೆ ಹೋಯಿತು. ಆದರೆ ಕಥೆಗೆ ಸಾಕ್ಷಿ ಇರಬೇಕು. ಮಹಾರಾಜರ ಕಾಲದ್ದು, ಬಂಡೀಪುರದ ಬೇಟೆಗೆ ಬಂದ ದೊರೆಯದು ಎಂದು ಯಾರಾದರೂ ಹೇಳಿದರೆ ಪತ್ರವನ್ನೋ ಫೋಟೋವನ್ನೋ ಕೇಳಿ. ಬರೀ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಸೇರಿಸಬೇಡಿ.

ಗಾಳಿ ತುಂಬುವ ಸಿಲಿಂಡರಿನ ಈಗಿನ ಪಿಸ್ತೂಲಾದರೆ ಲೆಕ್ಕ ಸುಲಭ. ಅದೇ ದರ್ಜೆಯ ಹೊಸದಕ್ಕೆ ಎಷ್ಟು ಎಂದು ವಿಚಾರಿಸಿ, ರಿಪೇರಿಯ ಖರ್ಚು ಕಳೆಯಿರಿ. ಹೆಚ್ಚಿನ ತಯಾರಕರು ಸಿಲಿಂಡರಿಗೆ ಕೊಡುವ ಆಯಸ್ಸು 10 ವರ್ಷ, ತಯಾರಾದ ಇಸವಿ ಅದರ ಮೈಮೇಲೇ ಇರುತ್ತದೆ. ಮುಂಗಡ ಕೊಡುವ ಮೊದಲು ಆ ಇಸವಿಯನ್ನು ನಿಮ್ಮ ಕಣ್ಣಾರೆ ಓದಿ.