‘ಮರಳಿ ಮಣ್ಣಿಗೆ’: ದಿನಚರಿಯೂ ಶೀಲವೂ

ಅನುಭವದಿಂದ ಸಂಸ್ಕಾರವು ಹುಟ್ಟುವುದೆಂದು ತರ್ಕಶಾಸ್ತ್ರವು ಹೇಳುತ್ತದೆ. ಆದರೆ ಅನುಭವವೆಂದರೆ ಕಣ್ಣಿಗೆ ಕಂಡುದೇ, ಕೈಯಾರೆ ಮಾಡಿದುದೇ? ಶಿವರಾಮ ಕಾರಂತರ (1902–1997) ‘ಮರಳಿ ಮಣ್ಣಿಗೆ’ ಕಾದಂಬರಿಯು ಮೂರು ತಲೆಮಾರುಗಳ ಕಥೆಯಿಂದ ಈ ಪ್ರಶ್ನೆಗೆ ಉತ್ತರವೀಯುತ್ತದೆ.

ಕಡಲ ಕರೆಯ ರಾಮ ಐತಾಳರ ಮನೆಯಲ್ಲಿ ಪಾರೋತಿ, ಸರಸೋತಿಯರು ಗದ್ದೆ, ಸೌದೆ, ಒಲೆಗಳ ನಡುವೆಯೇ ಆಯುಷ್ಯವನ್ನು ಸವೆಸುತ್ತಾರೆ. ವಿಧವೆಯಾದ ಸರಸೋತಿಯ ಸ್ಥೈರ್ಯವು ಯಾವ ಉಪದೇಶದ ಫಲವೂ ಅಲ್ಲ. ನಿತ್ಯದ ದುಡಿಮೆಯೇ ಅದನ್ನು ಕಡೆದು ನಿಲ್ಲಿಸಿತು. ಅದೇ ಮನೆಯ ಲಚ್ಚನಾದರೋ ಈ ದುಡಿಮೆಯನ್ನು ಕಂಡನು, ಮಾಡಲಿಲ್ಲ. ಹಿರಿಯರು ಮಮತೆಯಿಂದ ಅವನ ಪಾಲಿನ ಕಷ್ಟವನ್ನು ತಾವೇ ಹೊತ್ತರು. ಅದರೊಡನೆ ಅವನ ಪಾಲಿನ ಸಂಸ್ಕಾರವೂ ಅವರಿಗೇ ಸಂದಿತು.

ಅವನ ಕೇಡಿಗೆ ಇಂಗ್ಲಿಷ್ ವಿದ್ಯೆಯೇ ಕಾರಣವೆಂಬ ಮಾತು ಸಲ್ಲದು. ಅವನ ಮಗ ರಾಮನು ಮದರಾಸಿನಲ್ಲಿ ಅದೇ ವಿದ್ಯೆಯನ್ನು ಕಲಿತೂ ಮಣ್ಣಿಗೆ ಮರಳಿದನು. ತಾಯಿ ನಾಗವೇಣಿಯ ಬಡತನದಲ್ಲಿ ಪಾಲುಗೊಂಡು ಬೆಳೆದವನು ಅವನು.

ಒಂದು ಕೊರತೆಯನ್ನು ಹೇಳದಿರಲಾಗದು. ಲಚ್ಚನ ಅಂತರಂಗವನ್ನು ಗ್ರಂಥಕರ್ತರು ಸಾಕಷ್ಟು ತೆರೆದು ತೋರಿಸಿಲ್ಲ. ಅವನ ಪತನವನ್ನು ನಾವು ಹೊರಗೆ ನಿಂತೇ ನೋಡುತ್ತೇವೆ. ಆದರೂ, ಮಕ್ಕಳನ್ನು ಕಷ್ಟವರಿಯದಂತೆ ಬೆಳೆಸಿದೆವೆಂದು ಹೆಮ್ಮೆಪಡುವ ಗೃಹಸ್ಥರು ಅವಶ್ಯವಾಗಿ ಓದತಕ್ಕ ಗ್ರಂಥವಿದು.